ಆರು ಅಂಕಿಗಳ ನಡುವೆ ಅತ್ತೆಯ ಕೈ

ಬೇರೆಯವರ ದನಿ ಅಣಕಿಸುವುದು ನನ್ನ ಚಟ. ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ನಮ್ಮ ಸೂಪರ್‌ವೈಸರ್ ಸೀನುವ ಮೊದಲೇ ಅವರ ಸೀನು ನನ್ನ ಮೂಗಿನಿಂದ ಬಂದಿರುತ್ತದೆ. ಕನ್ನಡಿಯ ಮುಂದೆ ನಿಂತು ನನ್ನನ್ನೇ ಅಣಕಿಸಿಕೊಂಡದ್ದೂ ಉಂಟು; ಅಸಲು ನಕಲು ಎರಡೂ ಸಪ್ಪೆ ಎನ್ನಿಸಿ ಬಿಟ್ಟುಬಿಟ್ಟೆ. ಮದುವೆ ಮನೆಗಳಲ್ಲಿ ಹೆಚ್ಚು ಬೇಡಿಕೆ ಇದ್ದದ್ದು ನನ್ನ ಸೋದರತ್ತೆಯ ದನಿಗೆ.

ಅತ್ತೆ ಕಡ್ಡಿರಾಂಪುರದ ರಸ್ತೆ ಬದಿಯಲ್ಲಿ ಮಂಡಕ್ಕಿ ಒಗ್ಗರಣೆ-ಮಿರ್ಚಿ ಅಂಗಡಿ ನಡೆಸುತ್ತಾಳೆ. ಮುಖ ಕಾಣದೆ ಅವಳು ಯಾವ ವ್ಯವಹಾರವನ್ನೂ ಮಾತಾಡುವುದಿಲ್ಲ. ಕಂಪ್ಲಿಯಿಂದ ಮಂಡಕ್ಕಿ ಕಳಿಸುವವರು ರೇಟು ಹೇಳಲು ಫೋನ್ ಮಾಡಿದರೂ, ಸಂಡೂರಿನಿಂದ ಅವಳ ಅಣ್ಣ, ಅಂದರೆ ನನ್ನಪ್ಪ, ಹೊಲದ ವಿಷಯ ಎತ್ತಿದರೂ ಉತ್ತರ ಒಂದೇ: “ಬರ್ರಿ, ಕುಂದ್ರಿ, ಚಾ ಕುಡೀರಿ, ಆಮ್ಯಾಲೆ ಹೇಳ್ರಿ.” ಟವೆಲ್ಲನ್ನು ಸೆರಗು ಮಾಡಿಕೊಂಡು ನಾನು ಈ ಸಾಲು ಹೇಳಿದರೆ ಬೀಗರು ಊಟ ಬಿಟ್ಟು ನಗುತ್ತಿದ್ದರು.

ಅಂಗಡಿಯ ಕಂಬಕ್ಕೆ ಅಂಟಿಸಿದ ಸ್ಕ್ಯಾನರ್ ನನ್ನ ಖಾತೆಯದು, ಅತ್ತೆಯ ಹಳೆಯ ಫೋನಿಗೆ ಅದೆಲ್ಲ ಆಗದು. ಹಂಪಿಗೆ ಹೋಗುವವರು ತಿಂದು ಕೊಟ್ಟದ್ದೆಲ್ಲ ನನ್ನ ಹೆಸರಿನಲ್ಲಿ ಕೂಡುತ್ತಿತ್ತು. ಅಂಗಡಿಯ ಸೋರುವ ತಗಡು ಬದಲಿಸಬೇಕೆಂದು ಎರಡು ವರ್ಷದಿಂದ ಅವಳು ಆ ಹಣ ಮುಟ್ಟಿರಲಿಲ್ಲ.

ನನ್ನ ವಾರದ ರಜೆಯ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅತ್ತೆಯ ಅಂಗಡಿಯಲ್ಲಿ ಕೂತಿದ್ದಾಗ ನನಗೊಂದು ಫೋನ್ ಬಂತು. ಬ್ಯಾಂಕಿನ ಹೆಡ್ ಆಫೀಸಿನವನಂತೆ. ನನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ಎಲ್ಲ ಅವನೇ ಹೇಳಿದ. ಆಧಾರ್ ಜೋಡಣೆ ತಪ್ಪಿದೆ, ಸಂಜೆಯೊಳಗೆ ಸರಿಯಾಗದಿದ್ದರೆ ಖಾತೆ ಬಂದ್ ಎಂದ. ಮೊದಲು ತಗಡಿನ ದುಡ್ಡು ನೆನಪಾಯಿತು. ಆಮೇಲೆ, ಹೇಳಲು ನಾಚಿಕೆ, ಅವನ ದನಿ ಹಿಡಿಸಿಬಿಟ್ಟಿತು. ಬೆಣ್ಣೆಯಂಥ ನಯ, ಮಾತಿಗೊಂದು ‘ಸರ್’. ನನ್ನನ್ನು ಅದುವರೆಗೆ ಯಾರೂ ಸರ್ ಅಂದಿರಲಿಲ್ಲ. ಈ ದನಿ ಕಲಿಯದೆ ಬಿಡಬಾರದೆಂದು ಸ್ಪೀಕರ್ ಹಾಕಿ, ಅವನಿಗೆ ಅವನದೇ ನಯದಲ್ಲಿ ಉತ್ತರ ಕೊಡತೊಡಗಿದೆ. ಕಾರ್ಡಿನ ನಂಬರು, ಹಿಂಬದಿಯ ಮೂರು ಅಂಕಿ, ಎಲ್ಲ ಒಪ್ಪಿಸಿದ್ದಾಯಿತು. ಆರಂಕಿಯ ಒಟಿಪಿ ಬಂತು. ಓದಿ ಸರ್ ಎಂದ. ರಾಗವಾಗಿ ಓದುತ್ತ ಹೋದೆ.

ನಾಲ್ಕನೆಯ ಅಂಕಿ ಮುಗಿಯುವಷ್ಟರಲ್ಲಿ ಕಡಲೆಹಿಟ್ಟು ಮೆತ್ತಿದ ಕೈಯೊಂದು ಫೋನ್ ಕಿತ್ತುಕೊಂಡಿತು. ಅತ್ತೆಗೆ ಒಟಿಪಿ ಎಂದರೇನೆಂದು ಗೊತ್ತಿರಲಿಲ್ಲ. ಕೂತು ಆಡಬೇಕಾದ ಮಾತನ್ನು ಅಳಿಯ ಫೋನಿನಲ್ಲಿ ಆಡುತ್ತಿದ್ದಾನೆ ಎಂಬುದಷ್ಟೇ ಗೊತ್ತಿತ್ತು.

“ಯಾರ್ರೀ ನೀವು? ಬರ್ರಿ, ಕುಂದ್ರಿ, ಚಾ ಕುಡೀರಿ, ಆಮ್ಯಾಲೆ ಹೇಳ್ರಿ.”

ಅಷ್ಟು ಟೈಮಿಲ್ಲ ಮೇಡಂ ಎಂದ ಅವನು.

“ಚಾ ಕುಡಿಯಾಕ ಟೈಮ್ ಇಲ್ದಾವನ ಕೂಡ ನಮಗೇನು ಮಾತು?”

ಬೆಣ್ಣೆ ಕರಗಿ ಹಿಂದಿಯ ಬೈಗುಳ ಹೊರಬಿತ್ತು, ಲೈನ್ ಕಟ್ಟಾಯಿತು. ಆಗಲೇ ನನಗೆ ಬುದ್ಧಿ ಬಂದದ್ದು. ಅತ್ತೆ ಒಲೆ ಆರಿಸಿ, ನನ್ನನ್ನು ಬಸ್ಸು ಹತ್ತಿಸಿ ಹೊಸಪೇಟೆಯ ಬ್ಯಾಂಕಿಗೆ ಕರೆದೊಯ್ದಳು. ಕೌಂಟರಿನ ಮೇಡಂ ಕಾರ್ಡು ಬಂದ್ ಮಾಡಿ, ಪಿನ್ ಬದಲಾಯಿಸಿ, ಸೈಬರ್ ಪೊಲೀಸರಿಗೆ ದೂರು ಬರೆಸಿದರು. ಹಣ ಹೋಗಿರಲಿಲ್ಲ. ಬ್ಯಾಂಕಿನವರು ಯಾರೂ ಒಟಿಪಿ ಕೇಳುವುದಿಲ್ಲವೆಂದು ಅವರು ತಿಳಿಸಿ ಹೇಳಿದ್ದನ್ನು, ಅವರ ದನಿ ಅಣಕಿಸದೆ, ಸುಮ್ಮನೆ ಕೇಳಿಸಿಕೊಂಡೆ. ನನ್ನ ಮಟ್ಟಿಗೆ ಅದೊಂದು ದಾಖಲೆ. ಇನ್ನೆರಡು ಅಂಕಿ ಓದಿದ್ದರೆ ತಗಡಿರಲಿ, ತಗಡಿನ ಮೊಳೆಯೂ ಬರುತ್ತಿರಲಿಲ್ಲ.

ವಾಪಸು ಬಸ್ಸಿನಲ್ಲಿ, ಕಂಬದಿಂದ ನನ್ನ ಸ್ಕ್ಯಾನರ್ ತೆಗೆದುಬಿಡೋಣ ಎಂದೆ. ಅತ್ತೆ ಕಿಟಕಿ ನೋಡುತ್ತಲೇ, “ಬ್ಯಾಡ ಬಿಡಲೇ ಅಳಿಯಾ. ಹೆಸರು ನಿಂದ ಇರ್ಲಿ. ಬಾಯಷ್ಟ ಹಿಡದು ಮಾತಾಡು,” ಎಂದಳು. ನಾನು ಅವಳ ಕಡೆ ಮುಖ ತಿರುಗಿಸಲಾಗದೆ ಕಂಡಕ್ಟರನ್ನೇ ನೋಡುತ್ತ ಕೂತೆ.

ಮಳೆಗೆ ಮುಂಚೆಯೇ ಹೊಸ ತಗಡು ಬಂತು. ನನ್ನ ಫೋನಿನ ಗುಂಡಿಯ ಸಂದಿಯಲ್ಲಿ ಆ ದಿನದ ಹಿಟ್ಟು ಇನ್ನೂ ಇದೆ, ತೆಗೆದಿಲ್ಲ. ಗುರುತಿಲ್ಲದ ನಂಬರು ಬಂದರೆ ಅತ್ತೆಯ ದನಿಯಲ್ಲೇ ಅವಳ ಸಾಲು ಹೇಳುತ್ತೇನೆ. ಹೆಚ್ಚಿನವರು ಕಟ್ ಮಾಡುತ್ತಾರೆ. ಹೋದ ತಿಂಗಳು ಒಬ್ಬ ಮಾತ್ರ ಬೈಕಿನಲ್ಲಿ ಅಂಗಡಿಗೆ ಬಂದೇ ಬಂದ, ಕೂತ, ಚಹಾ ಕುಡಿದ, ಆಮೇಲೆ ಕೊರಿಯರ್ ಲಕೋಟೆ ಚಾಚಿದ. ಸಹಿ ಮಾಡುತ್ತಿದ್ದ ನನ್ನ ತಲೆಯ ಮೇಲೆ ಅತ್ತೆ ಮೆಲ್ಲಗೆ ಮೊಟಕಿದಳು.

“ನೋಡಲೇ, ಖರೇ ಇದ್ದಾವ ಬಂದು ಕುಂದ್ರತಾನ.”