ಪಿಟೀಲು ಮೇಷ್ಟ್ರ ಹಸೆಮಣೆ

ಮೇಷ್ಟ್ರ ಬಲಗಾಲಿನ ಹರಡಿನ ಮೇಲೆ ಹುಣಸೆಬೀಜದಷ್ಟು ದೊಡ್ಡ, ಅಷ್ಟೇ ಕಪ್ಪಗೆ ಹೊಳೆಯುವ ಒಂದು ಗಂಟು ಇತ್ತು. ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಅಲ್ಲಿಗೆ ಊರಿ, ಒಂದು ಆಯುಷ್ಯ ಬಾರಿಸಿದ್ದರ ಗುರುತು. ಬೂಟು ಹಾಕಿದರೆ ಅದು ಉಜ್ಜಿ ನೋಯುತ್ತಿತ್ತು. ಹಾಗಾಗಿ ಎಡಗಾಲಿನ ಬೂಟಿಗೆ ನೀಟಾಗಿ ಲೇಸು. ಬಲಗಾಲಿನದನ್ನು ಮಾತ್ರ ಹಿಮ್ಮಡಿ ತುಳಿದು ಚಪ್ಪಲಿ ಮಾಡಿಕೊಂಡಿದ್ದರು. ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ನಡೆದು ಬಂದರೆ ಒಂದು ಕಾಲು ಟಕ್ ಅನ್ನುತ್ತಿತ್ತು, ಇನ್ನೊಂದು ಸರ್ರನೆ ಎಳೆಯುತ್ತಿತ್ತು. "ನಿಮ್ಮ ನಡಿಗೆ ತಾಳ ತಪ್ಪಿದೆ ಮೇಷ್ಟ್ರೇ" ಅಂತ ಒಮ್ಮೆ ಅಂದಿದ್ದೆ. "ತಪ್ಪಿಲ್ಲ ಮಾರಾಯ್ತಿ, ಒಂದು ಗಿಡ್ಡ ಒಂದು ಉದ್ದ, ಖಂಡಛಾಪು ತಾಳ" ಅಂದರು.

ಹೈಸ್ಕೂಲಿನಲ್ಲಿದ್ದಾಗ ನಾನು ಅವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದೆ. ಕಾಫಿಪುಡಿ ಅಂಗಡಿಯ ಮಹಡಿ ಮೇಲೊಂದು ಕೋಣೆ. ಕೆಳಗೆ ಪುಡಿ ಮಾಡುವ ಮಿಷನ್ ಶುರುವಾದರೆ ಮೇಲಿನ ನೆಲವೆಲ್ಲ ಗುಂಯ್‌ಗುಟ್ಟುತ್ತಿತ್ತು. ಮೇಷ್ಟ್ರು ಸಿಟ್ಟು ಮಾಡಿಕೊಳ್ಳದೆ ಬಿರಡೆ ತಿರುಗಿಸಿ ಆ ಸದ್ದಿಗೇ ಶ್ರುತಿ ಮಾಡಿಕೊಳ್ಳುತ್ತಿದ್ದರು. "ಪುಕ್ಕಟೆ ತಂಬೂರಿ ಸಿಕ್ಕಿದೆ, ಬಿಡೋದುಂಟಾ?"

ನನಗೆ ವಿದ್ಯೆ ಹತ್ತಲಿಲ್ಲ. ಈ ಸ್ವರ ಇಲ್ಲೇ ಯಾಕೆ ಅಲ್ಲಾಡಬೇಕು, ಅಲ್ಲಿ ಯಾಕೆ ಅಲ್ಲಾಡಬಾರದು ಅಂತ ಕೇಳುವುದರಲ್ಲೇ ಪಾಠದ ಹೊತ್ತು ಮುಗಿದುಹೋಗುತ್ತಿತ್ತು. ಕೊನೆಗೊಂದು ದಿನ ಕಮಾನನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, "ಇದಕ್ಕಿಂತ ನಿನ್ನ ನಾಲಿಗೆ ಚೆನ್ನಾಗಿ ಓಡುತ್ತೆ. ಅದನ್ನೇ ಸಾಧನೆ ಮಾಡು" ಅಂದರು. ಚರ್ಚಾಸ್ಪರ್ಧೆಗೆ ನನ್ನ ಹೆಸರು ಕೊಡಿಸಿದ್ದೂ ಅವರೇ. ನಾನು ಗೆದ್ದೆ, ಗೆಲ್ಲುತ್ತಲೇ ಹೋದೆ. ಚಿಕ್ಕಮಗಳೂರಿನ ಕಾಲೇಜು ಸೇರುವ ಹೊತ್ತಿಗೆ ಪರ, ವಿರೋಧ ಎರಡನ್ನೂ ಒಂದೇ ಆವೇಶದಲ್ಲಿ ವಾದಿಸುವಷ್ಟು ಪಳಗಿದ್ದೆ. ಆಮೇಲೆ ಅವರ ವಿರುದ್ಧ ಬಳಸಿದ್ದು ಅವರೇ ಹುಡುಕಿಕೊಟ್ಟ ಆ ವಿದ್ಯೆಯನ್ನೇ.

ಮೇಷ್ಟ್ರ ಅಮ್ಮ ಸೋಬಾನೆ ಹಾಡುವವರು. ಸುತ್ತಿನ ಊರುಗಳ ಮದುವೆಗೆ ಅವರನ್ನು ಕರೆಯಲು ಜೀಪು ಬರುತ್ತಿತ್ತಂತೆ. ಅವರ ಹಾಡುಗಳಲ್ಲಿ ಹೆಣ್ಣನ್ನು ಹಸೆಗೆ ಕರೆಯುವುದೊಂದು. ಮದುಮಗಳು ಒಳಗಿನ ಕೋಣೆಯಲ್ಲಿರುತ್ತಾಳೆ, ಹೊರಗೆ ಹಸೆಮಣೆ ಖಾಲಿ ಇರುತ್ತದೆ, ಹೆಂಗಸರು ಎರಡು ಪಂಗಡವಾಗಿ ನಿಂತು ಕರೆಯುತ್ತಾರೆ. ಅವಳು ಬಂದು ಕೂರುವ ತನಕ ಹಾಡು ನಿಲ್ಲಿಸುವಂತಿಲ್ಲ. ಅವಳು ಒಳಗೇ ಅಳುತ್ತಾ ನಿಂತಳೋ, ಸೀರೆ ನೆರಿಗೆ ಬಿಚ್ಚಿತೋ, ಹಾಡುವವರು ಸಾಲು ಹುಟ್ಟಿಸುತ್ತಲೇ ಇರಬೇಕು: ಬೀಗರಿಗೆ ನಿದ್ದೆ ಬಂತು, ಗಂಡಿನ ಪೇಟ ಜಾರಿತು, ಹೀಗೆ. ಅವಳು ಕೂತ ಕ್ಷಣ, ಸಾಲಿನ ಮಧ್ಯದಲ್ಲಿದ್ದರೂ ಸರಿ, ಬಾಯಿ ಮುಚ್ಚುವುದು.

ಮೈಸೂರಿನಲ್ಲಿ ಶಾಸ್ತ್ರೀಯ ಸಂಗೀತ ಕಲಿತು ಬಂದ ಮೇಷ್ಟ್ರು ಮೊದಲ ಸಲ ಈ ಹಾಡನ್ನು ಕಛೇರಿಯಲ್ಲಿ ತೆಗೆದುಕೊಂಡಾಗ ರಾಗ ವಿಸ್ತರಿಸಿದರು, ಒಂದೇ ಸಾಲನ್ನು ಹತ್ತಾರು ಬಗೆಯಲ್ಲಿ ಹಿಗ್ಗಿಸಿದರು, ಭರ್ಜರಿ ಮುಕ್ತಾಯ ಕೊಟ್ಟರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಅಮ್ಮ ಮಾತ್ರ ಕೈ ಎತ್ತಲಿಲ್ಲ. "ಅಷ್ಟು ಚೆಂದ ಕರೆದೆ. ಆ ಹುಡುಗಿ ಬಂದು ಎಲ್ಲಿ ಕೂರಬೇಕು?" ಅಂತಷ್ಟೇ ಕೇಳಿದರಂತೆ.

ಆ ಒಂದು ಪ್ರಶ್ನೆಯಿಂದ ಮೇಷ್ಟ್ರು ಹೊಸದೊಂದು ಸಂಗೀತವನ್ನೇ ಕಟ್ಟಿದರು. ನಾಲ್ಕು ಪಿಟೀಲು, ತಮ್ಮದೊಂದು, ಶಿಷ್ಯರದು ಮೂರು; ಎರಡು ಆ ಕಡೆ, ಎರಡು ಈ ಕಡೆ. ನಡುವೆ ಅಮ್ಮನದೇ ಹಳೆಯ ಹಸೆಮಣೆ. ಮುಂಚೆಯೇ ಗೊತ್ತು ಮಾಡಿಕೊಂಡದ್ದು ಏನೂ ಇಲ್ಲ. ಹಾಡು ಹಿಡಿಯುವಾಗ ಮೇಷ್ಟ್ರು ಕಮಾನನ್ನು ಸಭೆಯಲ್ಲಿ ಯಾರಾದರೊಬ್ಬರ ಕಡೆ ತೋರಿಸುತ್ತಿದ್ದರು. ಅವರು ಎದ್ದು ಬಂದು ಮಣೆಯ ಮೇಲೆ ಕೂರುವವರೆಗೆ ನಾಲ್ವರೂ ಮನಸ್ಸಿಗೆ ತೋಚಿದ್ದನ್ನು ನುಡಿಸುತ್ತಾ ಕರೆಯಬೇಕು. ಕಳಸದ ಬಸ್ಸಿನ ಕಂಡಕ್ಟರೊಬ್ಬರು ನಾಚಿಕೊಂಡು ಕೂತದ್ದನ್ನು ನೋಡಿದ್ದೇನೆ. ಎಸ್ಟೇಟ್ ಸಾಹುಕಾರರೊಬ್ಬರು ಮಂಡಿನೋವು ಅಂತ ಮಣೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಾಗ ಮೇಷ್ಟ್ರು ನಿಲ್ಲಿಸಲೇ ಇಲ್ಲ. "ಮಣೆ ಅಂದ್ರೆ ಮಣೆ ಸಾರ್" ಅನ್ನುವಂತೆ ನುಡಿಸಿ ನುಡಿಸಿ, ಅವರನ್ನು ನೆಲಕ್ಕೆ ಇಳಿಸಿಯೇ ಬಿಟ್ಟಿದ್ದರು.

ನಾನು ಈ ಮಣೆಯ ವಿಷಯಕ್ಕೇ ವಾದ ಹೂಡಿದೆ. ರಜೆಗೆ ಬಂದಿದ್ದವಳು ಅವರ ಕೋಣೆಯಲ್ಲಿ ಕೂತು ಶುರು ಮಾಡಿದೆ.

"ಮೇಷ್ಟ್ರೇ, ಆ ಹಾಡಿನಲ್ಲಿ ಹುಡುಗಿಯನ್ನ ಬರ್ತೀಯಾ ಅಂತ ಯಾರಾದ್ರೂ ಕೇಳ್ತಾರಾ? ಬಾ ಅಂತಾರೆ ಅಷ್ಟೆ. ಒಲ್ಲೆ ಅನ್ನೋಕೆ ಅದರಲ್ಲಿ ಜಾಗವೇ ಇಲ್ಲ. ನೀವು ಅದನ್ನ ತಂದು, ಮೇಲೆ ಕಲೆ ಅಂತ ಪಾಲಿಶ್ ಹಚ್ಚಿದ್ದೀರಿ."

"ಅಮ್ಮಂದಿರು ಹಾಡ್ತಿದ್ದದ್ದು ಅವಳ ಅಳು ನಿಲ್ಲಲಿ ಅಂತ."

"ಅಳು ನಿಲ್ಲಿಸಿ ಕಳಿಸೋಕೆ. ಅಳೋದು ಯಾಕೆ ಅಂತ ಕೇಳೋಕಲ್ಲ."

ಮೇಷ್ಟ್ರು ಕಮಾನಿನ ಕೂದಲಿಗೆ ರಾಳ ತಿಕ್ಕುತ್ತಿದ್ದವರು ಕೈ ನಿಲ್ಲಿಸಿದರು. ಅವರಿಗೆ ಉತ್ತರ ಹೊಳೆಯದಿದ್ದಾಗ ಒಂದು ಅಭ್ಯಾಸವಿತ್ತು, ಕಿವಿಯ ಹಾಲೆಯನ್ನು ಎಳೆದುಕೊಳ್ಳುವುದು. ಎಳೆದುಕೊಂಡರು. ನನಗೆ ಅಂಕ ಬಿದ್ದ ಖುಷಿ.

"ಲಾಯರಮ್ಮ ಹೇಳೋದು ಸರಿ ಇರಬಹುದು" ಅಂದರು ಕೊನೆಗೆ. "ಯಾರೂ ಬರದೇ ಇದ್ರೆ ಆ ಹಾಡು ಎಲ್ಲಿಗೆ ಹೋಗುತ್ತೆ ಅಂತ ನಂಗೂ ಗೊತ್ತಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ ಅನ್ಸುತ್ತೆ."

ಆ ಬೇಸಿಗೆಯಲ್ಲೇ ಮೂಡಿಗೆರೆಯ ಒಂದು ಶಾಲೆಯ ಸಭಾಂಗಣದಲ್ಲಿ ಅವರ ಕಾರ್ಯಕ್ರಮ ಇತ್ತು. ಮಧ್ಯಾಹ್ನದ ಬಿಸಿಲು ಗಾಜಿನ ಹೆಂಚಿನಿಂದ ಇಳಿದು ಸರಿಯಾಗಿ ಮಣೆಯ ಹತ್ತಿರ ಬಿದ್ದಿತ್ತು. ಮೇಷ್ಟ್ರು ಕಮಾನು ಎತ್ತಿದರು. ಸಭೆಯ ಮೇಲೆಲ್ಲ ಒಮ್ಮೆ ಆಡಿಸಿ, ನನ್ನ ಕಡೆ ತೋರಿಸಿ ನಿಲ್ಲಿಸಿದರು.

ನಾನು ಕೈ ಕಟ್ಟಿಕೊಂಡು ಕೂತೆ.

ಶುರುವಿನಲ್ಲಿ ತಮಾಷೆಯಿತ್ತು. ಎಡಗಡೆಯ ಪಿಟೀಲುಗಳು ಕೆಣಕಿದವು, ಬಲಗಡೆಯವು ನನ್ನ ಪರ ವಹಿಸಿ ಜಗಳಕ್ಕೆ ನಿಂತವು. ಜನ ನಕ್ಕರು. ನಾನು ಏಳಲಿಲ್ಲ. ಹಾಡು ಆಮೇಲೆ ಬೇಡಿಕೊಂಡಿತು, ಗದರಿತು. ರಾಗವೇ ಬದಲಾಯಿತು. ಶಿಷ್ಯರಿಗೆ ತೋಚುವುದು ಮುಗಿದು, ಒಬ್ಬೊಬ್ಬರಾಗಿ ಒಂದೇ ಸ್ವರ ಹಿಡಿದು ನಿಂತರು. ಮೇಷ್ಟ್ರೊಬ್ಬರೇ ಮುಂದೆ ಹೋದರು. ಈಗ ಅದರಲ್ಲಿ ಕರೆಯುವುದೂ ಇರಲಿಲ್ಲ. ಬಾಗಿಲ ಹೊರಗೆ ನಿಂತವರು ಒಳಗಿರುವವಳನ್ನು ಏನಾಯ್ತು, ಯಾಕೆ ಅಂತ ಕೇಳುತ್ತಿದ್ದ ಹಾಗಿತ್ತು. ನಾನು ಇಲ್ಲ ಅಂದಿದ್ದ ಆ ಪ್ರಶ್ನೆಯನ್ನೇ ಅವರು ಹಾಡಿನೊಳಗೆ ಹುಡುಕಿ ತೆಗೆದಿದ್ದರು. ಅಂಥದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ನನಗೆ ಎದ್ದು ಹೋಗಬೇಕು ಅನ್ನಿಸಿತು. ಇದನ್ನು ಬರೆಯದಿದ್ದರೆ ಸುಳ್ಳು ಹೇಳಿದಂತೆ. ಮೈಯೆಲ್ಲ ಏಳಲು ಸಿದ್ಧವಾಗಿತ್ತು. ಆದರೆ ಎದ್ದರೆ ವಾದ ಸೋತಂತೆ ಅನ್ನುವುದೊಂದೇ ತಲೆಯಲ್ಲಿತ್ತು.

"ಹೋಗಿ ಕೂರೇ ಮಾರಾಯ್ತಿ, ನಮ್ಮ ಬಸ್ಸು ಹೋಗುತ್ತೆ" ಅಂತ ಹಿಂದಿನಿಂದ ಯಾರೋ ಹೆಂಗಸು ಅಂದರು. ಇನ್ನೊಬ್ಬರು "ಸೊಕ್ಕು" ಅಂದರು. ಬಿಸಿಲು ಮಣೆಯನ್ನು ದಾಟಿ ಹೋಯಿತು. ಮೇಷ್ಟ್ರ ಎಡಗೈ ಬೆರಳು ಒಂದೆರಡು ಸಲ ಜಾಗ ತಪ್ಪಿದ್ದು ನನಗೂ ಕೇಳಿಸಿತು. ಸುಸ್ತು ಅಂದುಕೊಂಡೆ. ಅವರು ಪಿಟೀಲನ್ನು ಪಕ್ಕದ ಶಿಷ್ಯೆಯ ಮಡಿಲಲ್ಲಿಟ್ಟು, ಅವಳ ಭುಜ ಹಿಡಿದು ಎದ್ದು, ತಾವೇ ಹೋಗಿ ಮಣೆಯ ಮೇಲೆ ಕೂತರು. ಉಳಿದ ಸ್ವರಗಳು ನಿಂತವು. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಗೆದ್ದೆ ಅಂದುಕೊಂಡೇ ತಟ್ಟಿದೆ.

ಅದೇ ಅವರ ಕೊನೆಯ ಕಛೇರಿ. ಕೈಯ ನರ ಸೋಲುವ ಕಾಯಿಲೆ ಅದಕ್ಕೂ ಮೊದಲೇ ಶುರುವಾಗಿತ್ತು; ಅವರನ್ನೂ ಅವರ ಹೆಂಡತಿಯನ್ನೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅಷ್ಟು ಹೊತ್ತು ನುಡಿಸಿದ್ದಕ್ಕೂ ಕೈ ಬಿದ್ದುಹೋದದ್ದಕ್ಕೂ ಸಂಬಂಧವಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ನಾನೇ ಕೇಳಿದ್ದೇನೆ, ಒಂದಕ್ಕಿಂತ ಹೆಚ್ಚು ಸಲ. ನನ್ನ ಪರವಾಗಿ ಇನ್ನೂ ಇದೆ. ಕಾಯಿಲೆಯ ವಿಷಯ ನನಗೆ ತಿಳಿಸಿರಲಿಲ್ಲ. ಒಲ್ಲೆ ಅನ್ನುವ ಹಕ್ಕು ನನ್ನದು. ನಾನು ಎತ್ತಿದ ಪ್ರಶ್ನೆ ಅವತ್ತೂ ಸರಿ, ಇವತ್ತೂ ಸರಿ. ಯಾವ ತೀರ್ಪುಗಾರರ ಮುಂದೆ ಇಟ್ಟರೂ ನಾನು ಗೆಲ್ಲುತ್ತೇನೆ. ಆದರೂ ರಾತ್ರಿ ನನ್ನಮ್ಮ ಒಳಗಿಂದ ಊಟಕ್ಕೆ ಕರೆದರೆ, ಎರಡನೇ ಸಲ ಕರೆಯುವ ಮೊದಲೇ ಎದ್ದು ಹೋಗಿಬಿಡುತ್ತೇನೆ.

ಮಳೆಗಾಲ ಶುರುವಾದ ಮೇಲೆ ಅವರನ್ನು ನೋಡಲು ಹೋದೆ. ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಕೈಗಳು ತೊಡೆಯ ಮೇಲೆ ತಮ್ಮಷ್ಟಕ್ಕೆ ನಡುಗುತ್ತಿದ್ದವು. ಹೆಂಡತಿ ಕಾಫಿಯನ್ನು ಸಾಸರಿಗೆ ಬಗ್ಗಿಸಿ ಕುಡಿಸಿ ಒಳಗೆ ಹೋದರು.

"ಯಾಕೆ ಮೇಷ್ಟ್ರೇ ನನ್ನನ್ನೇ ಕರೆದಿರಿ?"

"ಬೇರೆಯವರಾದ್ರೆ ಬಂದುಬಿಡ್ತಿದ್ರಲ್ಲ." ನಕ್ಕರು. "ಕೈ ಇರೋದ್ರೊಳಗೆ ಒಂದು ಸಲ ಪೂರ್ತಿ ಕರೆಯೋಣ ಅಂತ."

ನನಗೆ ಉಸಿರು ಬಂದಂತಾಯಿತು. ಹಾಗಾದರೆ ಅವರಿಗೆ ಬೇಕಾಗಿದ್ದದ್ದನ್ನೇ ನಾನು ಕೊಟ್ಟೆ ಅನ್ನುವ ವಾದ ತಲೆಯಲ್ಲಿ ತಯಾರಾಗುತ್ತಿತ್ತು. ಅಷ್ಟರಲ್ಲಿ ಅವರು ಕಿವಿಯ ಹಾಲೆ ಎಳೆದುಕೊಳ್ಳಲು ಕೈ ಎತ್ತಿದರು. ಕೈ ಅಲ್ಲಿಯವರೆಗೆ ಹೋಗಲಿಲ್ಲ.

"ಕೊನೆಗೆ ನೀನೂ ಬರ್ತೀಯ ಅಂದ್ಕೊಂಡಿದ್ದೆ" ಅಂದರು.

ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನಾನು ಉತ್ತರ ಕೊಡುತ್ತಿದ್ದೆ.

ಮೇಷ್ಟ್ರು ಹೋದದ್ದು ಮುಂದಿನ ಚಳಿಗಾಲದಲ್ಲಿ, ಕಾಫಿ ಹಣ್ಣು ಕೊಯ್ಯುವ ಹೊತ್ತಿಗೆ. ಶಿಷ್ಯರು ಅದೇ ಸಭಾಂಗಣದಲ್ಲಿ ಒಂದು ನೆನಪಿನ ಕಾರ್ಯಕ್ರಮ ಇಟ್ಟುಕೊಂಡರು. ನಾಲ್ಕು ಪಿಟೀಲು, ನಡುವೆ ಅದೇ ಮಣೆ. ಅವತ್ತು ಮೇಷ್ಟ್ರಿಗೆ ಭುಜ ಕೊಟ್ಟಿದ್ದ ಹುಡುಗಿ ಈಗ ಅವರ ಜಾಗದಲ್ಲಿ ಕೂತಿದ್ದಳು. ಅವಳು ಕಮಾನು ಎತ್ತಿ ನೇರ ನನ್ನ ಕಡೆ ತೋರಿಸಿದಳು. ಸಭೆಯಲ್ಲಿ ಒಬ್ಬಿಬ್ಬರು ತಿರುಗಿ ನೋಡಿದರು.

ನಾನು ಎದ್ದೆ. ಹಾಡಿನ ಮೊದಲ ಸಾಲು ಎಡಗಡೆಯ ಪಿಟೀಲುಗಳಿಂದ ಬಲಗಡೆಗೆ ಇನ್ನೂ ದಾಟಿರಲಿಲ್ಲ. ಕುರ್ಚಿಗಳನ್ನು ಸರಿಸಿಕೊಂಡು, ಹೆಚ್ಚುಕಡಿಮೆ ಓಡಿಕೊಂಡೇ ಹೋಗಿ ಮಣೆಯ ಮೇಲೆ ಕೂತುಬಿಟ್ಟೆ.

ನಾಲ್ಕೂ ಕಮಾನುಗಳು ತಂತಿಯಿಂದ ಮೇಲೆದ್ದವು. ಹಾಡು ನಿಂತಿತು. ಯಾರಿಗೂ ಚಪ್ಪಾಳೆ ತಟ್ಟಬೇಕೋ ಬೇಡವೋ ಗೊತ್ತಾಗಲಿಲ್ಲ. ಆ ಹುಡುಗಿ ನನ್ನ ಕಡೆ ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ, "ಅಕ್ಕಾ, ಮೇಷ್ಟ್ರು ಅವತ್ತು ನುಡಿಸಿದ್ದನ್ನ ನುಡಿಸೋಣ ಅಂತ ನಾವು ತಿಂಗಳಿಂದ ಅಭ್ಯಾಸಕ್ಕೆ ಕೂತಿದ್ವಿ. ನೀವಾದ್ರೆ ಬರಲ್ಲ ಅಂತಲೇ ಕರೆದಿದ್ದು" ಅಂದಳು.

ಮಣೆ ತಣ್ಣಗಿತ್ತು. ಎದ್ದು ಹೋಗಿ ಇನ್ನೊಮ್ಮೆ ಕರೆಸಿಕೊಳ್ಳುವುದು ಆ ಹಾಡಿನಲ್ಲಿ ಇಲ್ಲ. ನಾನು ಕೂತೇ ಇದ್ದೆ.