ಹಪ್ಪಳ ಬಿಟ್ಟುಹೋದ ಕರಾರು

ಮೊನ್ನೆ ಕಾಲೇಜಿನ ಕ್ಯಾಂಟೀನಿನಲ್ಲಿ ಹಲಸಿನ ಹಪ್ಪಳ ಕರಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಆಸ್ತಿ ಕಾನೂನು ಕಲಿಸಿದ ಮೇಷ್ಟ್ರು ನೆನಪಾದರು. ಈಗ ಅದೇ ಪಾಠವನ್ನು ನಾನು ಮಾಡುತ್ತೇನೆ. ಹಪ್ಪಳಕ್ಕೂ ಆಸ್ತಿ ಕಾನೂನಿಗೂ ಎತ್ತಣ ಸಂಬಂಧ ಎಂದು ನನ್ನ ವಿದ್ಯಾರ್ಥಿಗಳು ನಗಬಹುದು. ಅವರ ವಯಸ್ಸಿನಲ್ಲಿ ನಾನೂ ನಗುತ್ತಿದ್ದೆ...

ಮೇಷ್ಟ್ರ ಮನೆ ಶಿವಮೊಗ್ಗದ ದುರ್ಗಿಗುಡಿಯಲ್ಲಿತ್ತು. ಆಸ್ತಿಯ ಹಕ್ಕುಗಳು ಹೇಗೆ ಹುಟ್ಟುತ್ತವೆ, ಕಾಲ ಕಳೆದಂತೆ ಹೇಗೆ ಬದಲಾಗುತ್ತವೆ ಎಂಬುದರ ಮೇಲೆ ಅವರು ವರ್ಷಗಟ್ಟಲೆ ಒಂದೇ ಲೇಖನ ಬರೆಯುತ್ತಿದ್ದರು. ಬರೆದಿದ್ದಕ್ಕಿಂತ ಹೊಡೆದುಹಾಕಿದ್ದೇ ಹೆಚ್ಚು. ತರಗತಿಯಲ್ಲಿ ಯಾರಾದರೂ ಹಕ್ಕು ಎಂದರೆ ಸಾಕು, ಸೀಮೆಸುಣ್ಣ ಕೆಳಗಿಟ್ಟು, "ಎದುರುಗಡೆ ಕೊಡೋರು ಯಾರಿದಾರೆ ನೋಡ್ಕೊಂಡ್ ಮಾತಾಡಿ" ಎನ್ನುತ್ತಿದ್ದರು.

ನಾನು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ನಿವೃತ್ತರಾದ ಮೇಲೆ ನಾವು ಶಿವಮೊಗ್ಗದ ನವುಲೆಗೆ ಬಂದೆವು. ಅವರು ಹಿತ್ತಲಲ್ಲಿ ನೆಟ್ಟು ಬೆಳೆಸಿದ್ದ ಹಲಸಿನ ಮರ ಅಲ್ಲೇ ಉಳಿಯಿತು. ಆ ಸಾಲಿನ ಮನೆಗಳಲ್ಲಿ ಒಂದು ರೂಢಿಯಿತ್ತು. ಮನೆ ಬಿಟ್ಟುಹೋದವರು ನೆಟ್ಟ ಮರ ಫಲ ಕೊಟ್ಟರೆ, ಹೊಸದಾಗಿ ಬಂದವರು ಒಂದಿಷ್ಟನ್ನು ಅವರಿಗೆ ಕಳಿಸಬೇಕು. ನಮ್ಮ ನಂತರ ಆ ಮನೆಗೆ ಬಂದ ತಮಿಳಿನ ಅಕ್ಕ ಪ್ರತಿ ಬೇಸಿಗೆಯಲ್ಲೂ ನಾಲ್ಕು ಬಲಿತ ಕಾಯಿ ಕಳಿಸುತ್ತಿದ್ದರು. ಅಪ್ಪ ಒಂದೊಂದನ್ನೂ ತಟ್ಟಿ ನೋಡುತ್ತಿದ್ದ ರೀತಿ... ನಮ್ಮ ಬೆನ್ನನ್ನು ಅವರು ಅಷ್ಟು ಅಕ್ಕರೆಯಿಂದ ತಟ್ಟಿದ್ದು ನನಗಂತೂ ನೆನಪಿಲ್ಲ.

ಕಾನೂನು ಓದಿನ ಎರಡನೇ ವರ್ಷ ನನಗೆ ಜ್ಞಾನೋದಯವಾಯಿತು. ಮನೆಯೂ ನೆಲವೂ ಕಾರ್ಖಾನೆಯದು. ಮರದ ಮೇಲೆ ಅಪ್ಪನಿಗೆ ಕಾಗದದಲ್ಲಿ ಏನೂ ಇಲ್ಲ! ನಾಳೆ ಅಕ್ಕ ಮನಸ್ಸು ಬದಲಿಸಿದರೆ ಏನು ಗತಿ? ಅಲ್ಪನಿಗೆ ಐಶ್ವರ್ಯ ಬಂದಂತೆ ನನಗೆ ಕಾನೂನು ಬಂದಿತ್ತು. 'ವಾರ್ಷಿಕ ನಾಲ್ಕು ಫಲಗಳ ಹಕ್ಕು' ಎಂದು ಛಾಪಾ ಕಾಗದದ ಮೇಲೆ ಕರಾರು ಟೈಪು ಮಾಡಿಸಿ, ಯಾರಿಗೂ ಹೇಳದೆ ಭದ್ರಾವತಿ ಬಸ್ಸು ಹತ್ತಿದೆ.

ಅಕ್ಕ ಕಾಗದ ನೋಡಿ ಬೆಚ್ಚಿದರು. "ಸೈನ್ ಎಲ್ಲಾ ಯಾಕಮ್ಮಾ? ನಾಳೆ ಆಫೀಸಿಂದ ಬಂದು ಮನೆ ಖಾಲಿ ಮಾಡು ಅಂದ್ರೆ ನಾವೆಲ್ಲಿ ಹೋಗೋದು?"

ಸೈನ್ ಬೀಳಲಿಲ್ಲ. ಆ ಬೇಸಿಗೆ ಕಾಯಿಯೂ ಬರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದೆ. ವಿಷಯ ತಿಳಿದ ಅಪ್ಪ ಬೈಯಲಿಲ್ಲ, ಏಪ್ರಿಲ್ ತಿಂಗಳು ಪೂರ್ತಿ ಗೇಟಿನ ಕಡೆ ನೋಡುತ್ತಾ ಕುಳಿತರು. ಬೈದಿದ್ದರೇ ವಾಸಿಯಿತ್ತು. ನಾಚಿಕೆಗೆ ನನಗೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ಕರಾರನ್ನು ತೆಗೆದುಕೊಂಡು ಹೋಗಿ ಮೇಷ್ಟ್ರ ಮುಂದಿಟ್ಟೆ. ಎರಡು ಸಲ ಓದಿ ಕನ್ನಡಕ ತೆಗೆದರು.

"ಆ ಕಾಯಿ ಬಂದ್ಮೇಲೆ ನಿಮ್ಮನೇಲಿ ಏನ್ ಮಾಡ್ತಿದ್ರಿ?"

"ಅಮ್ಮ ಹಪ್ಪಳ ಮಾಡ್ತಿದ್ರು ಸಾರ್. ಅರ್ಧ ಅಕ್ಕನ ಮನೆಗೇ ಹೋಗ್ತಿತ್ತು."

"ಮತ್ತೆ ಇದ್ರಲ್ಲಿ ಹಪ್ಪಳ ಎಲ್ಲಿದೆ ಮಾರಾಯ್ತಿ? ಬರೋದಷ್ಟೇ ಬರ್ಕೊಂಡಿದೀಯ, ಕೊಡೋದನ್ನ ಬಿಟ್ಟಿದೀಯ. ಹಿಂಗೆ ಬರೆದ್ರೆ ಯಾರಿಗಾದ್ರೂ ಹೆದ್ರಿಕೆ ಆಗುತ್ತೆ."

ಅಮ್ಮ ಪೇಟೆಯಿಂದ ಹಲಸು ತರಿಸಿ ಹಪ್ಪಳ ಮಾಡಿದರು. ಅವು ಒಣಗಿದ ಮೇಲೆ ಒಂದು ಭಾನುವಾರ ನಾನು ಅಕ್ಕನ ಮನೆಗೆ ಹೊರಟಾಗ ಮೇಷ್ಟ್ರೂ ಜೊತೆಗೆ ಹೊರಟರು. ಡಬ್ಬಿ ಕೊಟ್ಟು, "ತಪ್ಪಾಯ್ತು ಅಕ್ಕಾ" ಎಂದೆ. ಅಕ್ಕ ಒಂದು ಹಪ್ಪಳವನ್ನು ಬೆಳಕಿಗೆ ಹಿಡಿದರು.

"ಇದು ನಮ್ಮ ಮರದ್ದಲ್ಲ. ಮನೇಲಿ ಮರ ಇಟ್ಕೊಂಡು ನಿಮ್ಮಮ್ಮ ಅಂಗಡಿ ಹಲಸು ತಗೊಳ್ಳೋದಾ?" ಎಂದು ಗದರಿ, ಒಳಗಿನಿಂದ ಕತ್ತಿ ತಂದರು.

ಬಸ್ಸಿನಲ್ಲಿ ಮೇಷ್ಟ್ರು ಒಂದು ಕಾಯಿಯನ್ನು ತೊಡೆಯ ಮೇಲೇ ಇಟ್ಟುಕೊಂಡು ಕುಳಿತಿದ್ದರು. ಪ್ಯಾಂಟಿಗೆ ಮೇಣ ಅಂಟಿದ್ದರ ಪರಿವೆಯೇ ಇಲ್ಲ. ಇನ್ನೊಬ್ಬರ ಅನುಮತಿಯಿಂದ ಅನುಭವಿಸಿದ್ದು ಎಷ್ಟು ಕಾಲ ಕಳೆದರೂ ಹಕ್ಕಾಗದು ಎಂದು ಲೇಖನದಲ್ಲಿ ತಾವೇ ಬರೆದಿದ್ದರಂತೆ, ಮನೆಗೆ ಹೋದ ಕೂಡಲೇ ಅದನ್ನು ಹೊಡೆದುಹಾಕುತ್ತೇನೆ ಎಂದರು. ಶಿವಮೊಗ್ಗ ಹತ್ತಿರ ಬಂದಾಗ ಅವರಿಗೆ ಹೊಸ ಅನುಮಾನ. "ನೆಟ್ಟವರು ತೀರ್ಕೊಂಡ್ಮೇಲೆ ಈ ಹಕ್ಕು ಮಕ್ಕಳಿಗೆ ಬರುತ್ತೋ, ಅಲ್ಲಿಗೇ ಮುಗಿಯುತ್ತೋ?" ಪುಸ್ತಕ ನೋಡಿ ಹೇಳುತ್ತೇನೆ ಎಂದೆ. "ಇರ್ಲಿ ಬಿಡು. ನಿಮ್ಮಪ್ಪ ನೂರು ವರ್ಷ ಬದುಕ್ಲಿ, ನಂಗೇನೂ ಅರ್ಜೆಂಟಿಲ್ಲ" ಎಂದು ನಕ್ಕರು. ಮನೆಯಲ್ಲಿ ಅಪ್ಪ ಆ ಕಾಯಿ ತಟ್ಟಿದ ಸದ್ದು ಕೇಳಿ ನನಗೆ ಜೀವ ಬಂದಂತಾಯಿತು.

ಮೇಷ್ಟ್ರು ತೀರಿಕೊಂಡು ಆರು ವರ್ಷವಾಯಿತು. ಲೇಖನ ಅಚ್ಚಾಗಲೇ ಇಲ್ಲ. ಕಳೆದ ಮಳೆಗಾಲದಲ್ಲಿ ಅಪ್ಪನೂ ಹೋದರು. ಇನ್ನು ಕಾಯಿಯ ಮಾತಿಲ್ಲ ಎಂದುಕೊಂಡಿದ್ದೆ, ಕೇಳುವ ಮನಸ್ಸೂ ಇರಲಿಲ್ಲ. ನಿನ್ನೆ ಅಕ್ಕನೇ ಫೋನ್ ಮಾಡಿದರು.

"ಕಾಯಿ ಬಲ್ತಿದೆ, ಬಾಮ್ಮಾ. ಅಪ್ಪಂದು ಇನ್ಮೇಲೆ ನಿಂದೇ ಅಲ್ವಾ?"

ಕಣ್ಣು ತುಂಬಿತು, ನಿಜ. ಆದರೂ ಸಂತೋಷವೇ ಹೆಚ್ಚಾಗಿತ್ತು. ಫೋನ್ ಇಟ್ಟವಳೇ, ಮೇಷ್ಟ್ರಿಗೆ ಉತ್ತರ ಹೇಳಿಬರೋಣ ಎಂದು ಚಪ್ಪಲಿ ಮೆಟ್ಟಿದೆ. ಮೆಟ್ಟಿದ ಮೇಲೆ ನೆನಪಾಯಿತು.