ಹೆಸರು ಕೇಳದ ಸರ್ವರ್

"ಬಾಗಿಲು ತೆಗೆದಿಟ್ಟಿದ್ದೆಯಲ್ಲ, ತೊಗೊಂಡೆ" ಅಂತ ಯಾರಾದರೂ ತಮಾಷೆಗೆ ಅಂದರೂ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಆ ಮಾತನ್ನು ನನಗೆ ಮೊದಲು ಹೇಳಿದವಳು ನನ್ನ ತಟ್ಟೆಗೇ ಕೈ ಹಾಕಿ ಉಂಡವಳು.

ಅದು ತೊಂಬತ್ತರ ದಶಕದ ಕೊನೆಯ ಭಾಗ. ನಾವಿಬ್ಬರೂ ಗೆಳತಿಯರು, ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನವರು, ಗಣಿ ಕಾರ್ಮಿಕರ ಒಂದೇ ಲೈನಿನ ಮನೆಗಳಲ್ಲಿ ಬೆಳೆದವರು. ಬೆಳಿಗ್ಗೆ ಗಣಿ ರೈಲು ಹತ್ತಿ ಬಂಗಾರಪೇಟೆಗೆ ಹೋಗುತ್ತಿದ್ದೆವು. ಅಲ್ಲಿ ಅವಳ ಸೋದರಮಾವನ ಪಾತ್ರೆ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವಿಬ್ಬರೂ ನಡೆಸುತ್ತಿದ್ದ ಕಂಪ್ಯೂಟರ್ ತರಗತಿ. ಕೋಣೆ ಅವಳ ಕಡೆಯದು, ತಲೆ ಕೆಡಿಸಿಕೊಳ್ಳುವ ಕೆಲಸವೆಲ್ಲ ನನ್ನದು. ಹಾಗಂತ ಅವಳೇ ನಗುತ್ತಾ ಎಲ್ಲರಿಗೂ ಹೇಳುತ್ತಿದ್ದಳು.

ಕೋಣೆಯ ಮೂಲೆಯಲ್ಲಿ ಯಾರೂ ಮುಟ್ಟದ ಒಂದು ಹಳೇ ಕಂಪ್ಯೂಟರ್ ಇತ್ತು. ವಿಂಡೋಸ್ ಹಾಕಿದರೆ ಉಸಿರುಗಟ್ಟಿ ನಿಂತುಬಿಡುತ್ತಿತ್ತು. ಅದಕ್ಕೆ ಲಿನಕ್ಸ್ ಹಾಕಿ, ಫೈಲುಗಳನ್ನು ಕೊಟ್ಟು ತೊಗೊಳ್ಳುವ ಸರ್ವರ್ ಮಾಡಿದೆ. ದೊಡ್ಡ ಸರ್ವರ್ ಪ್ರೋಗ್ರಾಮು ಅದರ ಮೆಮೊರಿಗೆ ಹಿಡಿಸುವಂತಿರಲಿಲ್ಲ. ಹುಡುಕಿ ಹುಡುಕಿ ತೀರಾ ಪುಟ್ಟದೊಂದನ್ನು ತಂದೆ. ಅದು ಯಾರಾದರೂ ಕರೆದಾಗ ಮಾತ್ರ ಎದ್ದು ಕೆಲಸ ಮಾಡಿ, ಆಮೇಲೆ ತೆಪ್ಪಗೆ ಮಲಗುತ್ತಿತ್ತು. ಫೋನ್ ಲೈನಿಗೆ ಒಂದು ಮೋಡೆಮ್ಮೂ ಸಿಕ್ಕಿಸಿದೆ. ಮನೆಯಲ್ಲಿ ಕಂಪ್ಯೂಟರ್ ಇದ್ದ ನಮ್ಮೂರ ಫ್ಯಾಕ್ಟರಿ ನೌಕರರು ಕೆಜಿಎಫ್‌ನಿಂದ ಲೋಕಲ್ ಫೋನ್ ಕಾಲ್ ಖರ್ಚಿನಲ್ಲೇ ನಮ್ಮ ಸರ್ವರ್‌ಗೆ ಬರಬಹುದಿತ್ತು.

ಹೆಸರಿನ ಜಾಗದಲ್ಲಿ 'ಅನಾನಿಮಸ್', ಅಂದರೆ ಹೆಸರಿಲ್ಲದವರು, ಅಂತ ಹಾಕಿದರೆ ಸಾಕು. ಪಾಸ್‌ವರ್ಡ್ ಏನು ಒತ್ತಿದರೂ ಸರಿ, ಒಳಗೆ ಬಿಡುತ್ತಿತ್ತು. ಹಾಗಂತ ಮನೆಯೆಲ್ಲ ಬಿಟ್ಟುಕೊಟ್ಟಿರಲಿಲ್ಲ. ಬಂದವರಿಗೆ ಕಾಣುತ್ತಿದ್ದದ್ದು ಒಂದು ಪಡಸಾಲೆ ಮಾತ್ರ, ಅದರಾಚೆಗೆ ಮನೆ ಇದೆ ಅನ್ನುವುದೇ ಗೊತ್ತಾಗದ ಹಾಗೆ ಕಟ್ಟಿದ್ದೆ. ಅಲ್ಲಿರುವುದನ್ನು ಒಯ್ಯಬಹುದು, ತಿದ್ದುವ ಹಾಗಿಲ್ಲ. ಯಾರು ಬಂದರು, ಏನು ಒಯ್ದರು ಎಂಬ ಲೆಕ್ಕ ಬರೆಯುವುದನ್ನೂ ಬೇಕಂತಲೇ ನಿಲ್ಲಿಸಿದ್ದೆ. ನಮ್ಮೂರಲ್ಲಿ ಗಣಿಯಿಂದ ಆಚೆ ಬರುವಾಗ ಚಿನ್ನ ಕದ್ದಿದ್ದಾರೇನೋ ಅಂತ ಮೈ ತಡಕಿಸಿಕೊಳ್ಳದ ಗಂಡಸರಿಲ್ಲ. ನನ್ನ ಬಾಗಿಲಲ್ಲಾದರೂ ಯಾರೂ ಯಾರನ್ನೂ ತಡಕಬಾರದು ಅಂತ ನನಗೊಂದು ಹಟ.

ಇದನ್ನೆಲ್ಲ ರೈಲಿನಲ್ಲಿ ಅವಳಿಗೆ ಒಂದೊಂದಾಗಿ ಹೇಳಿಕೊಟ್ಟೆ. ಸರ್ವರ್‌ನ ಮುಖ್ಯ ಪಾಸ್‌ವರ್ಡ್ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಅಲ್ಲಿ ಇಟ್ಟಿದ್ದರಲ್ಲೆಲ್ಲ ನನಗೆ ಪ್ರಾಣವಾಗಿದ್ದದ್ದು ಅಪ್ಪನ ಅಕ್ಷರ. ಅಪ್ಪ ಗಣಿಯಲ್ಲಿ ಬೋರ್ಡ್ ಬರೆಯುತ್ತಿದ್ದವರು. 'ಎಚ್ಚರಿಕೆ', 'ಇಲ್ಲಿ ನಿಲ್ಲಬೇಡಿ' ಅಂತ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರೆದು ಕೆಳಗಿಳಿಸುತ್ತಿದ್ದರು. ತಲೆದೀಪದ ಬೆಳಕಲ್ಲಿ ಒತ್ತಕ್ಷರ ಧೂಳು ಹಿಡಿದು ಕಲೆಯ ಹಾಗೆ ಕಾಣುತ್ತದೆ ಅಂತ ಒತ್ತನ್ನು ಮೇಲಿನ ಅಕ್ಷರದಷ್ಟೇ ದಪ್ಪ ಮಾಡಿ, ನಡುವೆ ಬೆರಳಗಲ ಜಾಗ ಬಿಡುತ್ತಿದ್ದರು. ಆ ಥರ ಬರೆಯುವವರು ಬೇರೆ ಯಾರೂ ಇರಲಿಲ್ಲ. ಆದರೆ ಬೋರ್ಡಿನ ಮೇಲೆ ಬರೆದವನ ಹೆಸರು ಯಾರು ಹಾಕುತ್ತಾರೆ? ಅಪ್ಪನ ಬರವಣಿಗೆಯೆಲ್ಲ ಹೆಸರಿಲ್ಲದೆ ನೆಲದ ಕೆಳಗೇ ಹೋಯಿತು.

ಕೈ ನಡುಗಲು ಶುರುವಾದ ಮೇಲೂ ಅವರು ನನಗಾಗಿ ಹಾಳೆಯ ಮೇಲೆ ಇಡೀ ವರ್ಣಮಾಲೆ ಬರೆದುಕೊಟ್ಟರು. ನಾನು ಅದನ್ನು ಅಚ್ಚಿಗೆ ಬರುವ ಫಾಂಟ್ ಮಾಡಿದೆ.

"ಇದ್ರಾಗಾದ್ರೂ ನನ್ನ ಎಸ್ರು ಇರ್ತದೇನಮ್ಮಾ?" ಅಂತ ಕೇಳಿದರು.

"ನಿನ್ನ ಹೆಸರು ಬಿಟ್ಟು ಒಂದಕ್ಷರಾನೂ ಆಚೆ ಹೋಗಲ್ಲ ಕಣಪ್ಪಾ" ಅಂದೆ.

ಫಾಂಟಿನೊಳಗೂ ಅಪ್ಪನ ಹೆಸರು, ಜೊತೆಗೆ ಇಟ್ಟ ಟಿಪ್ಪಣಿಯಲ್ಲೂ ಅಪ್ಪನ ಹೆಸರು. ತೊಗೊಳ್ಳುವವರು ಯಾರಾದರೂ ಆಗಲಿ, ಬರೆದವರು ಯಾರು ಅಂತ ಗೊತ್ತಿರಬೇಕು. ನನ್ನ ಷರತ್ತು ಅದೊಂದೇ. ಆವತ್ತು ಅವಳೂ ನಮ್ಮ ಮನೆಯಲ್ಲೇ ಕೂತು ಅಪ್ಪನ ಕೈ ಹಿಡಿದು, "ನಿಮ್ಮ ಅಕ್ಷರ ಸೂಪರ್ ಮಾಮಾ" ಅಂದು ಮುದ್ದೆ ಉಂಡು ಹೋದಳು.

ಆಮೇಲೆ ಬೂದಿಕೋಟೆಗೆ ಅತ್ತಿಗೆಯ ಬಾಣಂತನಕ್ಕೆ ಅಂತ ಕೆಲವು ವಾರ ಹೋಗಿದ್ದೆ. ವಾಪಸ್ಸು ಬಂದ ದಿನ ಕೋಣೆಯಲ್ಲಿ ಕೂತು 'ಅನಾನಿಮಸ್' ಅಂತ ಒತ್ತಿದೆ. ಪ್ರವೇಶವಿಲ್ಲ ಅಂತು. ನನ್ನ ಬೆರಳೇ ತಪ್ಪಿರಬೇಕು ಅಂದುಕೊಂಡು ಮತ್ತೆ ಒತ್ತಿದೆ. ಮತ್ತೆ ಅದೇ ಉತ್ತರ. ಎಲ್ಲೋ ಸೆಟ್ಟಿಂಗ್ ಕೆಟ್ಟಿದೆ, ಪಾಪದ ಮುದಿ ಮಿಷನ್ನು, ಅಂತ ಅದರ ಮೇಲೆ ಕನಿಕರವನ್ನೂ ಪಟ್ಟೆ. ಸರಿಮಾಡೋಣ ಅಂತ ಮುಖ್ಯ ಪಾಸ್‌ವರ್ಡ್ ಹಾಕಿದೆ. ಅದೂ ತಪ್ಪು ಅಂತು. ನಾನೇ ಕಟ್ಟಿದ ಬಾಗಿಲು ನನ್ನನ್ನೇ ಆಚೆ ನಿಲ್ಲಿಸಿತ್ತು. ಅಷ್ಟೊತ್ತಿಗೆ ಅವಳು ಮೆಟ್ಟಿಲು ಹತ್ತಿ ಬಂದಳು.

"ಓ, ಬಂದ್ಯಾ! ಎಲ್ಲಾ ನಾನೇ ಕ್ಲೋಸ್ ಮಾಡ್ದೆ ಕಣೇ" ಅಂದಳು, ಕಿಟಕಿ ಮುಚ್ಚಿದೆ ಅನ್ನುವಷ್ಟು ಸಲೀಸಾಗಿ. "ಪ್ರಿಂಟಿಂಗ್ ಪ್ರೆಸ್ಸಿನೋರು ಮಾಮನ ಫಾಂಟ್ ಕೇಳುದ್ರು. ಊರಿಗೆಲ್ಲಾ ಬಿಟ್ಟಿ ಸಿಗೋದನ್ನ ನಾವ್ಯಾಕೆ ಕೊಂಡ್ಕೊಬೇಕು ಅಂದ್ರು. ಅದುಕ್ಕೇ ಬಾಗ್ಲು ಆಕ್ದೆ."

"ಅಪ್ಪನ ಹೆಸರು?"

"ಬದ್ಕಿರೋ, ಸೈನ್ ಆಕೋ ಓನರ್ ಒಬ್ರು ಬೇಕಂದ್ರು. ನನ್ನ ಎಸ್ರು ಆಕಿದ್ದೀನಿ."

"ನಮ್ಮಪ್ಪ ಸತ್ತೋಗಿದ್ದಾರೇನೇ?"

"ಅಯ್ಯೋ ಓಗ್ಲಿ ಬಿಡೇ, ಮಾಮಂಗೆ ಕೈಯೇ ನಿಲ್ಲಲ್ಲ, ಎಲ್ ಬಂದು ಸೈನ್ ಮಾಡ್ತಾರೆ? ಎಸ್ರು ಕೇಳ್ದೇ ಎಲ್ರುಗೂ ಕೊಡ್ತಿದ್ದೋಳು ನೀನೇ ತಾನೇ? ಬಾಗ್ಲು ತೆಗೆದಿಟ್ಟಿದ್ದೆಯಲ್ಲ, ತೊಗೊಂಡೆ."

ಥೂ! ಬಾಯಿಗೆ ಬಂದದ್ದೆಲ್ಲ ಅಂದೆ. ಕೆಳಗೆ ಅಂಗಡಿಯಲ್ಲಿ ಪಾತ್ರೆ ಕೊಳ್ಳುತ್ತಿದ್ದವರು ತಲೆಯೆತ್ತಿ ನೋಡುವಷ್ಟು ಕೂಗಾಡಿದೆ. ಅವಳ ಸೋದರಮಾವ ಮೇಲೆ ಬಂದು, "ಕೋಣೆ ನಮ್ದಮ್ಮಾ" ಅಂದ, ಅಷ್ಟೇ.

ಅಪ್ಪನ ಹೆಸರಿದ್ದ ಮೊದಲಿನ ಫಾಂಟನ್ನು ಎಷ್ಟೋ ಜನ ಒಯ್ದಿದ್ದರು. ಅವರಲ್ಲಿ ಒಬ್ಬರು ಬಂದು ಹೌದು, ಇದು ಅಪ್ಪನದೇ ಅಂದಿದ್ದರೆ ಸಾಕಿತ್ತು. ಯಾರನ್ನು ಹೋಗಿ ಕೇಳಲಿ? ಯಾರು ಒಯ್ದರೆಂದು ಯಾರಿಗೂ ತಿಳಿಯಬಾರದು ಅಂತ ವ್ಯವಸ್ಥೆ ಮಾಡಿದ್ದವಳೇ ನಾನು. ಗೊತ್ತಿಲ್ಲದವರನ್ನು ನಂಬಿ ಬಾಗಿಲು ತೆಗೆದಿದ್ದೆ, ಅವರ್ಯಾರೂ ನನಗೆ ಕೈ ಕೊಡಲಿಲ್ಲ. ಯಾರ ಹೆಸರು, ಮನೆ, ಇಷ್ಟದ ಪಲ್ಯವೂ ನನಗೆ ಗೊತ್ತಿತ್ತೋ ಅವಳೇ ಕತ್ತು ಕೊಯ್ದಳು.

ಅಪ್ಪ ಕೇಳಿದಾಗಲೆಲ್ಲ "ಮಿಷನ್ ಕೆಟ್ಟೋಗೈತಪ್ಪಾ" ಅಂತ ದಿನ ದೂಡಿದೆ. ಅವರು ಅದನ್ನೂ ನಂಬಿದರು.

ಕೆಲವು ತಿಂಗಳಾದ ಮೇಲೆ ಅವಳ ಮದುವೆ ಪತ್ರಿಕೆ ನಮ್ಮ ಮನೆಗೂ ಬಂತು. ನಾನು ಮನೆಯಲ್ಲಿರಲಿಲ್ಲ. ಅರಿಶಿನ ಹಚ್ಚಿದ ಪತ್ರಿಕೆಯನ್ನು ಅಮ್ಮ ಪದ್ಧತಿಯ ಪ್ರಕಾರ ದೇವರ ಗೂಡಿನಲ್ಲಿ ಇಟ್ಟಿದ್ದಳು. ನಾನು ಬರುವಷ್ಟರಲ್ಲಿ ಅಪ್ಪ ಅದನ್ನು ಕೈಗೆ ತೊಗೊಂಡು ಬಾಗಿಲ ಬೆಳಕಿಗೆ ಹಿಡಿದಿದ್ದರು. 'ಆಮಂತ್ರಣ'ದ ಒತ್ತು ಮೇಲಿನ ಅಕ್ಷರದಷ್ಟೇ ದಪ್ಪ, ನಡುವೆ ಜಾಗ.

"ನೋಡಮ್ಮಾ, ನಮ್ಮ ಉಡ್ಗಿ ನನ್ನ ಅಕ್ಷರ್ದಾಗೇ ಆಕಿಸವ್ಳೆ!" ಅಪ್ಪನ ಮುಖ ಅರಳಿತ್ತು. "ನನ್ನ ಎಸ್ರು ಎಲ್ಲಿ ಆಕವ್ಳೆ, ಉಡುಕು."

ನಾನು ಕೈ ಚಾಚಲಿಲ್ಲ. ಅವರೇ ಪತ್ರಿಕೆ ತಿರುಗಿಸಿದರು. ಹಿಂಬದಿಯಲ್ಲಿ ಸಣ್ಣದಾಗಿ ಒಂದು ಸಾಲಿತ್ತು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು: "ಅಕ್ಷರ ವಿನ್ಯಾಸ, ಸ್ವತಃ ವಧು."

ನನ್ನ ಮುಖ ನೋಡಿದರು. ನಾನು ಅಳುತ್ತಿದ್ದೆ. ಪತ್ರಿಕೆಯನ್ನು ತಿರುಗಿ ದೇವರ ಗೂಡಿಗೆ ಇಡಲು ಅಮ್ಮ ಕೈ ನೀಡಿದಳು, ಅಪ್ಪ ಕೊಡಲಿಲ್ಲ.

"ಅಕ್ಷರ ನಂದೇ" ಅಂದರು ಅಪ್ಪ. "ಈ ಮಾತು ನಾನು ಬರ್ದಿಲ್ಲ."